ನ್ಯಾಪ್‌ಡೇಲಿನ ನೀರಂಚಿನ ಹಾದಿಗಳು

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಜನ ಹೆಜ್ಜೆಹೆಜ್ಜೆಗೂ ಬಳಸುವ ‘ಲಾಖ್’ ಎಂಬ ಮಾತಿಗೆ ಕನ್ನಡದಲ್ಲಿ ಒಂದೇ ಪದವನ್ನು ಅರಸಹೊರಟವನು ಬಹಳ ಹೊತ್ತು ತಡಕಾಡಬೇಕಾದೀತು. ಬೆಟ್ಟದ ಮಡಿಲಲ್ಲಿ ನಿಶ್ಚಲವಾಗಿ ನಿಂತ ಸಿಹಿನೀರಿನ ಕೊಳವೂ ಅವರಿಗೆ ಲಾಖ್. ಮೈಲಿಗಟ್ಟಲೆ ಒಳನಾಡಿಗೆ ನುಗ್ಗಿ ಬಂದು, ದಿನಕ್ಕೆರಡು ಬಾರಿ ಭರತ ಇಳಿತಗಳಲ್ಲಿ ಏರಿ ತಗ್ಗುವ ಉಪ್ಪುನೀರಿನ ನೀಳವಾದ ತೋಳೂ ಲಾಖ್. ಕೆರೆಯೆನ್ನೋಣವೆಂದರೆ ಏರಿಯಿಲ್ಲ, ತೂಬಿಲ್ಲ. ಕೊಲ್ಲಿಯೆನ್ನೋಣವೆಂದರೆ ಕೊಲ್ಲಿಯ ವೈಶಾಲ್ಯವಿಲ್ಲ. ಅಳಿವೆಯೆನ್ನಲು ಹೇಳಿಕೊಳ್ಳುವಂಥ ನದಿಯೊಂದು ಅಲ್ಲಿಗೆ ಬಂದು ಸೇರುವುದಿಲ್ಲ. ಹಿನ್ನೀರೆಂಬ ನಮ್ಮ ಮಲೆನಾಡಿನ ಮಾತಾದರೂ ಅಣೆಕಟ್ಟಿನ ನೆನಪನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಗೇಲಿಕ್ ನುಡಿಯ ಆ ಪದವನ್ನು, ಅದರ ಕೊನೆಯ ಅಕ್ಷರವನ್ನು ಗಂಟಲಿನ ಆಳದಿಂದ ಉಜ್ಜಿ ಹೊರಡಿಸುವ ಅಲ್ಲಿಯವರ ಉಚ್ಚಾರಣೆಗೆ ಸಾಧ್ಯವಾದಷ್ಟು ಹತ್ತಿರವಾಗಿ, ಹಾಗೆಯೇ ಇಟ್ಟುಕೊಳ್ಳುವುದು ಲೇಸು.

ಇಂಥ ಲಾಖ್‌ಗಳು ನೆಲದೊಡನೆ ಬೆರಳಿಗೆ ಬೆರಳು ಹೆಣೆದುಕೊಂಡಂತೆ ಕಾಣುವ ಒಂದು ನಾಡು ಆರ್ಗೈಲ್ ಪ್ರಾಂತ್ಯದ ನ್ಯಾಪ್‌ಡೇಲ್. ಪೂರ್ವಕ್ಕೆ ಲಾಖ್ ಫೈನ್ ಎಂಬ ಸುದೀರ್ಘ ಕಡಲತೋಳು, ಪಶ್ಚಿಮಕ್ಕೆ ಜೂರಾ ದ್ವೀಪವನ್ನು ಎದುರಿಗಿಟ್ಟುಕೊಂಡ ಜಲಸಂಧಿ, ದಕ್ಷಿಣಕ್ಕೆ ವೆಸ್ಟ್ ಲಾಖ್ ಟಾರ್ಬರ್ಟ್, ಉತ್ತರಕ್ಕೆ ಮನುಷ್ಯರೇ ತೋಡಿದ ಕ್ರಿನನ್ ಕಾಲುವೆ. ಹೀಗೆ ನಾಲ್ಕು ಕಡೆಯಿಂದಲೂ ನೀರು ಒತ್ತರಿಸಿಕೊಂಡ ಈ ಭೂಭಾಗವು ದ್ವೀಪವಾಗಲು ಕೂದಲೆಳೆಯಷ್ಟೇ ಕಡಮೆ. ಇಲ್ಲಿಯ ಬೆಟ್ಟದ ಸಾಲುಗಳೆಲ್ಲವೂ ಯಾರೋ ಬಾಚಣಿಗೆಯೆಳೆದರೋ ಎಂಬಂತೆ ಈಶಾನ್ಯದಿಂದ ನೈರುತ್ಯಕ್ಕೆ ಒಂದಕ್ಕೊಂದು ಸಮಾನಾಂತರವಾಗಿ ಮಲಗಿವೆ. ಪ್ರಾಚೀನ ಶಿಲಾಸ್ತರಗಳಲ್ಲಿ ಗಟ್ಟಿಯಾದವು ದಿಣ್ಣೆಗಳಾಗಿ ಉಳಿದು, ಮೆತ್ತಗಿನವನ್ನು ಹಿಮಯುಗದ ನೀರ್ಗಲ್ಲ ನದಿಗಳು ಉತ್ತು ತೆಗೆದುವು. ಹಿಮ ಕರಗಿದ ಬಳಿಕ ಆ ಉತ್ತ ಸಾಲುಗಳ ಕೆಳಭಾಗಕ್ಕೆ ಕಡಲು ಬಂದಿತು, ಮೇಲುಭಾಗದಲ್ಲಿ ಮಳೆಯ ನೀರು ನಿಂತಿತು. ಒಂದೇ ಕಣಿವೆಯಲ್ಲಿ ಮೇಲೊಂದು ಸಿಹಿ ಲಾಖ್, ಕೆಳಗೊಂದು ಉಪ್ಪು ಲಾಖ್ ಇರುವುದು ಹೀಗೆ.

ಸ್ಕಾಟ್ಲೆಂಡಿನ ಕಾಲ್ನಡಿಗೆಯನ್ನು ಕುರಿತು ಬರೆಯುವವರು ಬಹುಮಟ್ಟಿಗೆ ಶಿಖರಗಳನ್ನು ಕುರಿತೇ ಬರೆಯುತ್ತಾರೆ. ಶಿಖರಗಳ ಮೇಲೆ ನನಗೆ ಅನಾದರವಿಲ್ಲ. ಆದರೆ ಅರವತ್ತು ದಾಟಿ, ಮೊಣಕಾಲಿನ ಅನುಮತಿಯನ್ನು ಪಡೆದೇ ಹೊರಡಬೇಕಾದವನಿಗೆ, ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬಂದ ತಾಯಿಗೆ, ಬೆಟ್ಟದ ಬುಡದಲ್ಲಿ ಕುಳಿತು ಮೇಲೆ ನೋಡುವುದಲ್ಲದೆ ಬೇರೆ ಭಾಗ್ಯವಿಲ್ಲವೆಂಬ ಭಾವನೆಯನ್ನು ಹುಟ್ಟಿಸುವ ಬರೆವಣಿಗೆ ಸರಿಯೆಂದು ನನಗೆ ತೋರುವುದಿಲ್ಲ. ನ್ಯಾಪ್‌ಡೇಲಿನ ಹಾದಿಗಳು ಬಹುಪಾಲು ನೀರಿನ ಮಟ್ಟವನ್ನು ಬಿಟ್ಟು ಹೆಚ್ಚು ಮೇಲೇಳುವುದಿಲ್ಲ. ಒಂದೆರಡು ಗಂಟೆ ಸಾವಧಾನವಾಗಿ ನಡೆದು, ಇದ್ದಲ್ಲಿಗೇ ಹಿಂದಿರುಗಿ ಬರಬಹುದಾದ ಈ ದಾರಿಗಳಲ್ಲಿ ಕಾಣಸಿಗುವಷ್ಟು ಇತಿಹಾಸವನ್ನೂ ಜೀವಸಂಪತ್ತನ್ನೂ ಎತ್ತರದ ದಾರಿಗಳಲ್ಲಿ ನಾನು ಕಂಡಿಲ್ಲ.

ಗ್ಲಾಸ್ಗೋ ನಗರದಿಂದ ಬಸ್ಸಿನಲ್ಲಿ ಹೊರಟರೆ ಲಾಖ್ ಲೋಮಂಡಿನ ದಡವನ್ನು ಹಿಡಿದು, ‘ವಿಶ್ರಮಿಸು, ಕೃತಜ್ಞನಾಗಿರು’ ಎಂಬ ಅರ್ಥದ ಹೆಸರುಳ್ಳ ಕಣಿವೆಯನ್ನು ಹತ್ತಿಳಿದು, ಲಾಖ್ ಫೈನಿನ ಅಂಚಿನಲ್ಲಿ ಲಾಖ್‌ಗಿಲ್ಪ್‌ಹೆಡ್ ಎಂಬ ಸಣ್ಣ ಪೇಟೆಯನ್ನು ತಲಪುತ್ತೇವೆ. ಆ ಕಣಿವೆಗೆ ಆ ಹೆಸರು ಬಂದದ್ದು ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ರಸ್ತೆಯನ್ನು ಕಡಿದ ಸಿಪಾಯಿಗಳು ತುದಿಯಲ್ಲಿ ನೆಟ್ಟ ಕಲ್ಲಿನ ಬರೆಹದಿಂದ. ದಾರಿಗೆ ಬೆವರು ಸುರಿಸಿದವರೇ ದಾರಿಹೋಕರಿಗೆ ಹೇಳಿದ ಮಾತು ಅದು. ಮುಂದೆ ನಾನು ನಡೆದ ಪ್ರತಿಯೊಂದು ಸುಲಭವಾದ ಹಾದಿಯಲ್ಲೂ ಅದರ ನೆನಪು ಬರುತ್ತಿತ್ತು.

ಮೊದಲು ಕಾಲುವೆಯ ದಂಡೆ. ಲಾಖ್ ಫೈನಿನ ಮೇಲಿರುವ ಆರ್ಡ್ರಿಶೇಗ್‌ನಿಂದ ಅಟ್ಲಾಂಟಿಕದ ಕಡೆಯ ಕ್ರಿನನ್‌ವರೆಗೆ ಈ ಕಾಲುವೆಯ ಉದ್ದ 9 ಮೈಲಿ, ಎಂದರೆ ಸುಮಾರು ಹದಿನಾಲ್ಕೂವರೆ ಕಿಲೋಮೀಟರು. ಅದರಲ್ಲಿ 15 ಲಾಕ್‌ಗಳು, ಎಂದರೆ ನೀರಿನ ಮಟ್ಟವನ್ನು ಏರಿಸಿ ಇಳಿಸಿ ದೋಣಿಯನ್ನು ದಾಟಿಸುವ ಕವಾಟಗಳುಳ್ಳ ಕಟ್ಟೆಗಳು. ಗ್ಲಾಸ್ಗೋ ಕಡೆಯ ಹಡಗು ಪಶ್ಚಿಮದ ದ್ವೀಪಗಳಿಗೆ ಹೋಗಬೇಕಾದರೆ ಕಿಂಟೈರ್ ಎಂಬ ನೀಳವಾದ ಪರ್ಯಾಯದ್ವೀಪದ ಮೂತಿಯನ್ನು, ಅಲ್ಲಿಯ ಉಗ್ರವಾದ ಕಡಲನ್ನು ಬಳಸಿ ಸುತ್ತಬೇಕಾಗಿತ್ತು. ಆ ಸುತ್ತನ್ನು ತಪ್ಪಿಸಲು ಜಾನ್ ರೆನಿಯೆಂಬ ಎಂಜಿನಿಯರು ರೂಪಿಸಿದ ಕಾಲುವೆಯ ಕೆಲಸ 1794ರಲ್ಲಿ ಆರಂಭವಾಗಿ, 1801ರಲ್ಲಿ ಇನ್ನೂ ಪೂರ್ತಿಯಾಗದೆಯೇ ತೆರೆಯಿತು. 1809ರವರೆಗೂ ಕೆಲಸ ನಡೆದೇ ಇತ್ತು. ಆಮೇಲೆಯೂ ದಂಡೆ ಕುಸಿದು, ನೀರು ಸಾಲದೆ, ಥಾಮಸ್ ಟೆಲ್‌ಫರ್ಡನನ್ನು ಕರೆಯಿಸಿ ಸರಿಪಡಿಸಿಕೊಳ್ಳಬೇಕಾಯಿತು. 1847ರಲ್ಲಿ ವಿಕ್ಟೋರಿಯಾ ರಾಣಿ ಕುದುರೆಗಳು ಎಳೆಯುವ ಅಲಂಕೃತ ದೋಣಿಯಲ್ಲಿ ಇದೇ ದಾರಿಯಾಗಿ ಹೋದ ಮೇಲೆ ಪ್ರವಾಸಿಗಳ ಹಿಂಡು ಬರತೊಡಗಿತು. ಆದರೆ ಈ ನೀರಿನ ನಿಜವಾದ ಪ್ರಜೆಗಳೆಂದರೆ ಪಫರ್ ಎಂಬ ಗಿಡ್ಡ ಹಬೆದೋಣಿಗಳು. ಕಲ್ಲಿದ್ದಲನ್ನೂ ದಿನಸಿಯನ್ನೂ ತುಂಬಿಕೊಂಡು, ಬಂದರಿಲ್ಲದ ದ್ವೀಪಗಳಲ್ಲಿ ಇಳಿತದ ಹೊತ್ತಿಗೆ ಮರಳಿನ ಮೇಲೆಯೇ ಕುಳಿತು ಸರಕನ್ನಿಳಿಸಿ, ಮುಂದಿನ ಭರತದಲ್ಲಿ ತೇಲಿಕೊಂಡು ಹೊರಡುತ್ತಿದ್ದ ಆ ದೋಣಿಗಳನ್ನೂ ಅವುಗಳ ನಾವಿಕರನ್ನೂ ಆರ್ಗೈಲಿನವನೇ ಆದ ನೀಲ್ ಮನ್ರೋ ತನ್ನ ‘ಪಾರಾ ಹ್ಯಾಂಡಿ’ ಕತೆಗಳಲ್ಲಿ ಅಮರಗೊಳಿಸಿದ್ದಾನೆ.

ಕುದುರೆಗಳು ದೋಣಿಯನ್ನೆಳೆದು ನಡೆದ ದಂಡೆಯೇ ಈಗಿನ ಕಾಲುಹಾದಿ. ಎಳೆಯುವ ಕುದುರೆಗೆ ಏರು ಆಗದೆಂದು ಸಮಮಾಡಿದ ನೆಲವು ಇಂದು ವೃದ್ಧರ ಕಾಲಿಗೂ ಗಾಲಿಕುರ್ಚಿಗೂ ಒದಗಿಬಂದಿದೆ. ಲಾಕ್ ಇರುವೆಡೆಯಲ್ಲಿ ಮಾತ್ರ ಹಾದಿ ಕೊಂಚ ಏರಿಳಿಯುತ್ತದೆ. ಡುನಾರ್ಡ್ರಿಯ ಬಳಿ ಐದು ಲಾಕ್‌ಗಳು ಮೆಟ್ಟಿಲಿನಂತೆ ಒಂದರ ಕೆಳಗೊಂದಿವೆ. ಅಲ್ಲೊಂದು ಹಾಯಿದೋಣಿ ಇಳಿಯುತ್ತಿದ್ದಾಗ ನಾನು ನಿಂತು ನೋಡಿದೆ. ಕವಾಟದ ತಲೆಗೆ ಜೋಡಿಸಿದ ಮರದ ತೊಲೆಗೆ ಒಬ್ಬಾಕೆ ಬೆನ್ನು ಕೊಟ್ಟು, ಹಿಮ್ಮಡಿಯನ್ನು ನೆಲಕ್ಕೆ ಊರಿ ಹಿಂದಕ್ಕೆ ಒತ್ತುತ್ತಿದ್ದಳು. ಮೊದಲು ಏನೂ ಆಗಲಿಲ್ಲ. ಎರಡು ಮಟ್ಟದ ನೀರು ಒಂದಾಗುವವರೆಗೆ ಎಷ್ಟು ಬಲವಂತನಾದರೂ ಆ ಬಾಗಿಲನ್ನು ಅಲುಗಿಸಲಾರ. ಒಂದಾದ ಮರುಕ್ಷಣವೇ, ಕಂಬಳಿಯನ್ನು ಸರಿಸಿದಷ್ಟು ಮೆಲ್ಲಗೆ, ಟನ್ನುಗಟ್ಟಲೆ ತೂಕದ ಕವಾಟ ಸರಿಯಿತು. “ನೀರು ಸಿದ್ಧವಾಗಬೇಕು, ನಾವು ಕಾಯಬೇಕು” ಎಂದಳು ಆಕೆ, ಹಣೆಯನ್ನೊರಸಿಕೊಳ್ಳುತ್ತ.

ಇಡೀ ದಂಡೆಯನ್ನು ನಡೆಯಲು ಬಿಡುವಿಲ್ಲದವರು ಬೆಲ್ಲನಾಖ್‌ನಿಂದ ಕ್ರಿನನ್‌ವರೆಗಿನ ಕೊನೆಯ ತುಂಡನ್ನಾದರೂ ನಡೆಯಬೇಕು. ನಿಧಾನಕ್ಕೆ ಒಂದು ಗಂಟೆಯ ದಾರಿ. ಎಡಕ್ಕೆ ಅಲ್ಲಾಡದ ಕಾಲುವೆ, ಅದರಾಚೆ ಕಾಡುಗುಡ್ಡ. ಬಲಕ್ಕೆ, ಕೆಲವು ಅಡಿಗಳಷ್ಟು ಕೆಳಗೆ, ಕಡಲು. ಇಳಿತದ ಹೊತ್ತಾದರೆ ಬಲಗಡೆ ಬರಿಯ ಕೆಸರುಬಯಲು, ಕಡಲಕಳೆಯ ವಾಸನೆ, ಉದ್ದಕೊಕ್ಕಿನ ಹಕ್ಕಿಗಳು. ಭರತ ಬಂದರೆ ಎರಡೂ ಕಡೆ ನೀರಾಗಿ, ನಡುವೆ ಎರಡಾಳಿನ ಅಗಲದ ನೆಲದ ಮೇಲೆ ನಾವು. ಎದುರುದಡದ ಬಂಡೆಯ ಮೇಲೆ ಡುನ್‌ಟ್ರೂನ್ ಕೋಟೆ. ಕ್ರಿನನ್‌ನ ಕಡೆಯ ಲಾಕಿನ ಗೋಡೆಯ ಮೇಲೆ ಕುಳಿತರೆ ಪಶ್ಚಿಮಕ್ಕೆ ಜೂರಾ ಮತ್ತು ಸ್ಕಾರ್ಬಾ ದ್ವೀಪಗಳೂ ಅವುಗಳ ನಡುವಣ ಕಿರಿದಾದ ಸಂದಿಯೂ ಕಾಣುತ್ತವೆ. ಕೋರಿವ್ರೆಕನ್ ಎಂಬ ಸುಳಿ ಇರುವುದು ಆ ಸಂದಿಯಲ್ಲಿ. ಜೂರಾದ ಒಂಟಿಮನೆಯಲ್ಲಿ ಕುಳಿತು ‘1984’ ಕಾದಂಬರಿಯನ್ನು ಬರೆಯುತ್ತಿದ್ದ ಜಾರ್ಜ್ ಆರ್ವೆಲ್, 1947ರ ಬೇಸಗೆಯಲ್ಲಿ ದೋಣಿ ಮಗುಚಿ, ಪುಟ್ಟ ಮಗನೊಡನೆ ಪ್ರಾಣಕ್ಕೆ ಎರವಾಗುವುದರಲ್ಲಿದ್ದದ್ದು ಅಲ್ಲಿಯೇ. ಇಲ್ಲಿಂದ ನೋಡುವವನಿಗೆ ಅದೊಂದು ನೀಲಿಯ ಗೆರೆ, ಅಷ್ಟೆ.

ಕಾಲುವೆಯ ಉತ್ತರಕ್ಕೆ ಮಾಯ್ನ್ಯ ವೋರ್, ಎಂದರೆ ಹಿರಿಯ ಜವುಗು, ಮೈಲಿಗಟ್ಟಲೆ ಹಾಸಿಕೊಂಡಿದೆ. ಸ್ಫ್ಯಾಗ್ನಂ ಎಂಬ ಹಾವಸೆಯು ಸತ್ತು, ಕೊಳೆಯದೆ, ಪದರದ ಮೇಲೆ ಪದರವಾಗಿ ಸಾವಿರಾರು ವರ್ಷ ಕೂಡಿಕೊಂಡು ಸುತ್ತಲಿನ ನೆಲಕ್ಕಿಂತ ಉಬ್ಬಿನಿಂತ ಜವುಗು ಇದು. ಅದರ ಅಂಚಿನಲ್ಲಿ ಹಲಗೆ ಹಾಸಿದ ಕಿರುದಾರಿಯುಂಟು. ಈ ಬಯಲಿನ ನಡುವೆ ಒಂಟಿಯಾಗಿ ಎದ್ದಿರುವ ಬಂಡೆಗುಡ್ಡವೇ ಡುನ್ಯಾಡ್. ಐರ್ಲೆಂಡಿಗೂ ಈ ಕರಾವಳಿಗೂ ಸಮುದ್ರವನ್ನೇ ಬೀದಿಯಾಗಿ ಮಾಡಿಕೊಂಡು ಆಳಿದ ಡಾಲ್ ರಿಯಾಟ ಅರಸರ ಕೋಟೆ ಇಲ್ಲಿತ್ತು; 683ರಲ್ಲಿ ಇದಕ್ಕೆ ಮುತ್ತಿಗೆ ಬಿದ್ದುದನ್ನೂ, 736ರಲ್ಲಿ ಪಿಕ್ಟ್ ಜನರ ದೊರೆ ಇದನ್ನು ಹಿಡಿದುದನ್ನೂ ಐರಿಷ್ ವೃತ್ತಾಂತಗಳು ದಾಖಲಿಸಿವೆ. ಗುಡ್ಡ ಐವತ್ತು ಮೀಟರಿಗಿಂತ ಸ್ವಲ್ಪ ಹೆಚ್ಚು. ಈ ಲೇಖನದಲ್ಲಿ ಏದುಸಿರು ಬರಿಸುವ ತಾಣ ಇದೊಂದೇ. ಮಳೆಬಿದ್ದ ದಿನ ಕಲ್ಲು ಜಾರುತ್ತದೆ. ಆದರೂ ಸಾಧ್ಯವಾದವರು ಹತ್ತಬೇಕು. ನೆತ್ತಿಯ ಕೆಳಗಿನ ತಟ್ಟಿನಲ್ಲಿ, ಬಂಡೆಯಲ್ಲಿ ಕೊರೆದ ಒಂದು ಪಾದದ ಗುರುತಿದೆ. ಪಟ್ಟಕ್ಕೆ ಬರುವವನು ಅದರಲ್ಲಿ ಕಾಲಿಟ್ಟು ನಿಂತು ಈ ನೆಲಕ್ಕೆ ಒಡೆಯನೆನಿಸಿಕೊಳ್ಳುತ್ತಿದ್ದನೆಂದು ವಿದ್ವಾಂಸರ ಊಹೆ. ಮೂಲ ಬಂಡೆಯು ಸವೆಯಬಾರದೆಂದು ಅದರ ಮೇಲೆ ಪಡಿಯಚ್ಚಿನ ಹೊದಿಕೆಯೊಂದನ್ನು ಹಾಸಿದ್ದಾರೆ. ಮಳೆನೀರು ತುಂಬಿದ್ದ ಆ ಪಾದದಲ್ಲಿ ನಾನು ಕಾಲಿಡಲಿಲ್ಲ. ಅದು ಪಡಿಯಚ್ಚೆಂದು ಬಲ್ಲೆನಾದರೂ, ಕಲ್ಲಿನಲ್ಲಿ ಮೂಡಿದ ಪಾದವನ್ನು ಕಂಡು ಕೈಮುಗಿಯುತ್ತ ಬೆಳೆದವನಿಗೆ ಅದರೊಳಗೆ ಬೂಟಿಡುವುದು ಮನಸ್ಸಿಗೆ ಒಗ್ಗಲಿಲ್ಲ.

ಅಲ್ಲಿಂದ ಮತ್ತೂ ಉತ್ತರಕ್ಕೆ ಕಿಲ್ಮಾರ್ಟಿನ್ ಕಣಿವೆ. ಸಮತಟ್ಟಾದ ಹುಲ್ಲುಗಾವಲಿನ ನಡುವೆ, ದನಕುರಿಗಳು ಮೇಯುವ ನಡುವೆಯೇ, ಕಲ್ಲುಗುಪ್ಪೆಯ ಸಮಾಧಿಗಳು ಒಂದರ ಹಿಂದೊಂದು ಸಾಲುಹಿಡಿದಿವೆ. ಟೆಂಪಲ್ ವುಡ್ ಎಂಬಲ್ಲಿ ಕಲ್ಲುಕಂಬಗಳ ವೃತ್ತವಿದೆ. ಐದು ಸಾವಿರ ವರ್ಷಗಳ ಸುಮಾರಿನಷ್ಟು ಹಳೆಯ ಈ ಕ್ಷೇತ್ರವನ್ನು ಕುರಿತು ಪ್ರತ್ಯೇಕವಾಗಿಯೇ ಬರೆಯಬೇಕು. ಇಲ್ಲಿ ದಾರಿ ಸುಗಮವೆಂದಷ್ಟೇ ಹೇಳಿ ಮುಂದೆ ಸಾಗುತ್ತೇನೆ.

ಏಕೆಂದರೆ ಕಾಲುವೆಯ ದಕ್ಷಿಣದ ಕಾಡು ಕರೆಯುತ್ತಿದೆ. ಬಾರ್ನ್‌ಲೂಸ್ಗನ್ ಎಂಬಲ್ಲಿ ವಾಹನವನ್ನು ನಿಲ್ಲಿಸಿ ಒಳಹೊಕ್ಕರೆ, ದಿಣ್ಣೆಗಳ ನಡುವಣ ಒಂದೊಂದು ಸಂದಿನಲ್ಲೂ ಒಂದೊಂದು ಲಾಖ್. ನಾಲ್ಕು ಶತಮಾನಗಳಿಗೆ ಹಿಂದೆ ತುಪ್ಪುಳಕ್ಕಾಗಿ, ಮಾಂಸಕ್ಕಾಗಿ, ಔಷಧಿಗೆಂದು ಬಳಸುತ್ತಿದ್ದ ಗ್ರಂಥಿಯ ಸ್ರಾವಕ್ಕಾಗಿ ಬೇಟೆಯಾಡಿ ಸ್ಕಾಟ್ಲೆಂಡಿನಲ್ಲಿ ನಿರ್ನಾಮಗೊಳಿಸಿದ ಬೀವರ್ ಎಂಬ ಪ್ರಾಣಿಯನ್ನು 2009ರ ಮೇ ತಿಂಗಳಲ್ಲಿ ನಾರ್ವೆಯಿಂದ ತಂದು ಬಿಟ್ಟದ್ದು ಈ ನೀರುಗಳಲ್ಲಿ. ನಮ್ಮ ನದಿಗಳ ನೀರುನಾಯಿಯೊಡನೆ ಇದನ್ನು ಗೊಂದಲಿಸಬಾರದು. ನೀರುನಾಯಿ ಮೀನು ಹಿಡಿಯುವ ಮಾಂಸಾಹಾರಿ (ಅದೂ ಈ ಕರಾವಳಿಯಲ್ಲುಂಟು), ಬೀವರ್ ತೊಗಟೆ ಸೊಪ್ಪುಗಳನ್ನು ತಿನ್ನುವ, ಹುಟ್ಟಿನಂತೆ ಚಪ್ಪಟೆಯಾದ ಬಾಲವುಳ್ಳ ದೊಡ್ಡ ದಂಶಕ. ಐದು ವರ್ಷ ಪರೀಕ್ಷೆ ನಡೆದು, 2016ರಲ್ಲಿ ಅವು ಇಲ್ಲಿಯೇ ಇರಬಹುದೆಂದು ಸ್ಕಾಟ್ಲೆಂಡ್ ಸರ್ಕಾರ ನಿರ್ಧರಿಸಿತು. 2019ರಿಂದ ಅವಕ್ಕೆ ಕಾನೂನಿನ ರಕ್ಷಣೆಯೂ ದೊರೆತಿದೆ.

ಡೂ ಲಾಖ್, ಎಂದರೆ ಕಪ್ಪುಕೊಳ, ಮೊದಲು ಒಂದು ಪುಟ್ಟ ಮಡುವಾಗಿತ್ತಂತೆ. ಬೀವರ್‌ಗಳು ಅದರ ಹೊರಹರಿವಿಗೆ ಕೊಂಬೆ, ಕೆಸರು, ಹುಲ್ಲು ಒಟ್ಟಿ ಒಡ್ಡು ಕಟ್ಟಿದುವು. ನೀರು ಹಿಂದಕ್ಕೆ ಹರಡಿ ಕಾಡಿನ ಬುಡವನ್ನು ಮುಳುಗಿಸಿತು. ಈಗ ಬೆಳ್ಳಗೆ ಒಣಗಿದ ಮರಗಳು ನೀರಿನ ನಡುವೆ ಸಾಲಾಗಿ ನಿಂತಿವೆ. ಶರಾವತಿಯ ಹಿನ್ನೀರಿನಲ್ಲಿ ಮುಳುಗಿ ನಿಂತ ಮರಗಳನ್ನು ಕಂಡವರಿಗೆ ಆ ನೋಟ ಮೊದಲು ಎದೆಯನ್ನು ಹಿಂಡೀತು. ನೋಡುತ್ತ ನಿಂತಂತೆ ಮಾತ್ರ ಆ ಸತ್ತ ಮರಗಳ ಸುತ್ತ ಎಷ್ಟು ಬಾಳಿದೆಯೆಂಬುದು ತಿಳಿಯುತ್ತದೆ: ಕೊಡತಿಹುಳುವಿನಂಥ ಹೊಳಪಿನ ಏರೋಪ್ಲೇನ್ ಚಿಟ್ಟೆಗಳು, ಕಪ್ಪೆಯ ಮರಿಗಳು, ಮರದ ಪೊಟರೆಗೆ ಹೊಕ್ಕು ಹೊರಡುವ ಹಕ್ಕಿಗಳು. ದಾರಿಯ ಪಕ್ಕದಲ್ಲಿ ಬೀವರ್ ಕಡಿದ ಒಂದು ಆಲ್ಡರ್ ಮರದ ಬೊಡ್ಡೆಯನ್ನು ನಾನು ಬಗ್ಗಿ ನೋಡಿದೆ. ಸುತ್ತಲೂ ಕೊರೆದು, ಮೇಲಕ್ಕೆ ಕೂರಾಗಿ, ಸೀಸದಕಡ್ಡಿಯನ್ನು ಕೆತ್ತಿದಂತಿತ್ತು. ಒಂದೊಂದು ಕಚ್ಚಿನಲ್ಲಿಯೂ ಜೋಡಿಹಲ್ಲಿನ ಎರಡು ಗೆರೆ, ಬಡಗಿಯ ಉಳಿಯ ಗುರುತಿನಷ್ಟು ಶುದ್ಧವಾಗಿ ಮೂಡಿತ್ತು. ಕಡಿದೊಡನೆ ಕಿತ್ತಳೆಬಣ್ಣಕ್ಕೆ ತಿರುಗುವುದು ಆಲ್ಡರ್ ಮರದ ಸ್ವಭಾವ; ಬುಡದ ತುಂಬ ಬಿದ್ದಿದ್ದ ಚಕ್ಕೆಗಳು ಒದ್ದೆಯಾಗಿ ಉರಿಯುವ ಬಣ್ಣದಲ್ಲಿದ್ದುವು. ಒಂದನ್ನು ಕೈಗೆತ್ತಿಕೊಂಡರೆ ಹಸಿಮರದ ವಾಸನೆ. ಪ್ರಾಣಿಯನ್ನು ಮಾತ್ರ ಕಾಣಲಿಲ್ಲ. ಅದು ಮುಸ್ಸಂಜೆಯ ಜೀವ. ಬೇಸಗೆಯಲ್ಲಿ ಇಲ್ಲಿಯ ಮುಸ್ಸಂಜೆಯಾಗುವುದು ರಾತ್ರಿ ಹತ್ತು ಗಂಟೆಗೆ. ಅಷ್ಟು ಹೊತ್ತು ಮಾತಾಡದೆ ದಡದಲ್ಲಿ ಕುಳಿತಿರಬಲ್ಲವರಿಗೆ ಅದು ಕಂಡೀತು.

ಟೇವ್ಯಾಲಿಖ್ ಎಂಬ ಬೆಸ್ತರ ಹಳ್ಳಿಯನ್ನು ದಾಟಿ ಇನ್ನೂ ದಕ್ಷಿಣಕ್ಕೆ ಹೋದರೆ ಟೇನಿಶ್. ಲಾಖ್ ಸ್ವೀನ್ ಎಂಬ ಕಡಲತೋಳಿಗೆ ಮೈಯೊಡ್ಡಿದ ಈ ಓಕ್ ಕಾಡು ರಾಷ್ಟ್ರೀಯ ಪ್ರಕೃತಿಧಾಮ. ಸದಾ ತೇವದ ಕಡಲಗಾಳಿ, ಹದವಾದ ಚಳಿ, ಶುದ್ಧವಾದ ವಾಯು ಇವು ಮೂರೂ ಕೂಡಿ ಇಲ್ಲಿ ಬೆಳೆದಿರುವುದು ಒಂದು ಬಗೆಯ ಮಳೆಕಾಡೇ. ಮಳೆಕಾಡೆಂದರೆ ಉಷ್ಣವಲಯದ ಸ್ವತ್ತೆಂದು ತಿಳಿದಿದ್ದ ನನಗೆ ಇದೊಂದು ಹೊಸಪಾಠವಾಯಿತು. ಕೊಂಬೆಯ ತೊಗಟೆ ಎಲ್ಲಿಯೂ ಬರಿದಾಗಿ ಕಾಣದು. ಹಾವಸೆ, ಜರಿಗಿಡ, ಕಲ್ಲುಹೂವುಗಳ ಹೊದಿಕೆ. ನಮ್ಮ ಅಡುಗೆಮನೆಯ ಮಸಾಲೆಡಬ್ಬಿಯಲ್ಲಿ ಒಣಗಿ ಸುರುಟಿಕೊಂಡಿರುವ ಕಲ್ಲುಹೂವಿನ ಬಂಧುವರ್ಗವೇ ಇಲ್ಲಿ ಅಂಗೈಯಗಲ ಹಸುರಾಗಿ, ಶ್ವಾಸಕೋಶದಂತೆ ಕುಳಿಕುಳಿಯಾಗಿ ಓಕಿನ ಮೈಗೆ ಜೋತುಬಿದ್ದಿರುವುದನ್ನು ಕಂಡಾಗ ನಾನು ಮುಟ್ಟದೆ ಇರಲಾರದೆ ಹೋದೆ. ಒದ್ದೆ ತೊಗಲಿನಂತೆ ತಣ್ಣಗಿತ್ತು.

ಈ ಕಾಡು ಮನುಷ್ಯನ ಕೈ ಸೋಕದ್ದೆಂದು ಭ್ರಮಿಸುವವರುಂಟು. ಹಾಗಲ್ಲ. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಆರ್ಗೈಲಿನ ಓಕ್ ಕಾಡುಗಳನ್ನು ಸರದಿಯ ಪ್ರಕಾರ ಬುಡಕ್ಕೆ ಕಡಿದು, ಚಿಗುರಲು ಬಿಟ್ಟು, ಇದ್ದಿಲು ಸುಟ್ಟು ಕಬ್ಬಿಣದ ಕುಲುಮೆಗಳಿಗೆ ಒಯ್ಯುತ್ತಿದ್ದರು. ಬೊನಾವ್ ಎಂಬಲ್ಲಿಯ ಕುಲುಮೆ 1753ರಿಂದ 1876ರವರೆಗೆ ಉರಿದದ್ದು ಅಂಥ ಇದ್ದಿಲಿನಿಂದ. ಇಳಿಜಾರಿನಲ್ಲಿ ಅಲ್ಲಲ್ಲಿ ಕಾಣುವ ದುಂಡನೆಯ ಸಮತಟ್ಟುಗಳು ಇದ್ದಿಲುಗೂಡುಗಳನ್ನು ಒಟ್ಟಿದ ಜಾಗಗಳು. ಅವುಗಳನ್ನು ಕೂಡಿಸುವ ಕಾಲುದಾರಿಯಲ್ಲಿಯೇ ನಾವೀಗ ನಡೆಯುವುದು. ದಾರಿಯ ತುದಿಯಲ್ಲಿ, ಲಾಖ್ ಸ್ವೀನಿನ ದಡದಲ್ಲಿ, ಹಾಳುಬಿದ್ದ ನೀರಗಿರಣಿಯೊಂದಿದೆ. ಮೇಲಿನ ಸಿಹಿಕೊಳದಿಂದ ತೂಬಿನ ಮೂಲಕ ಇಳಿದುಬಂದು ಚಕ್ರವನ್ನು ತಿರುಗಿಸಿದ ನೀರು ಅಲ್ಲಿ ಉಪ್ಪುನೀರಿಗೆ ಸೇರುತ್ತಿತ್ತು. ಪಕ್ಕದ ಹುಲ್ಲುಬಯಲಿನಲ್ಲಿ ದನಗಳನ್ನು ಬೇಕೆಂದೇ ಮೇಯಿಸುತ್ತಾರೆ. ದನ ಮೇಯ್ದರೇ ಅಲ್ಲಿ ಸ್ಕೇಬಿಯಸ್ ಎಂಬ ನೀಲಿ ಹೂವಿನ ಗಿಡ ತಲೆಯೆತ್ತೀತು, ಆ ಗಿಡವಿದ್ದರೇ ಮಾರ್ಷ್ ಫ್ರಿಟಿಲರಿ ಎಂಬ ಅಪೂರ್ವವಾದ ಪಾತರಗಿತ್ತಿಯ ಹುಳು ಬದುಕೀತು.

ನಡೆಯಬರುವವರಿಗೆ ಒಂದೆರಡು ಮಾತು. 2003ರ ಭೂಸುಧಾರಣಾ ಕಾಯಿದೆಯ ಪ್ರಕಾರ ಸ್ಕಾಟ್ಲೆಂಡಿನಲ್ಲಿ ನೆಲ ಯಾರದೇ ಆಗಿರಲಿ, ಬೆಳೆಯನ್ನೂ ಮನೆಯಂಗಳವನ್ನೂ ಬಿಟ್ಟು, ಹೊಣೆಯರಿತು ನಡೆಯುವ ಹಕ್ಕು ಎಲ್ಲರಿಗೂ ಉಂಟು. ತೆಗೆದ ಗೇಟನ್ನು ಹಾಕಿ ಹೋಗಬೇಕು, ಕುರಿಯ ಮರಿಗಳಿರುವಲ್ಲಿ ನಾಯಿಯನ್ನು ಹಗ್ಗದಲ್ಲಿ ಹಿಡಿದಿರಬೇಕು. ಮೇ ತಿಂಗಳು ಎಲ್ಲಕ್ಕಿಂತ ಉತ್ತಮ; ಕಾಡಿನ ನೆಲವೆಲ್ಲ ನೀಲಿಗಂಟೆಯ ಹೂವು. ಜೂನ್ ಕಳೆದರೆ ಮಿಜ್ ಎಂಬ ನೊರಜು ಸಂಜೆಯ ಹೊತ್ತು ಮುಖಕ್ಕೆ ಮುತ್ತುತ್ತದೆ. ಹುಲ್ಲಿನಲ್ಲಿ ಉಣುಗು ಇದೆಯಾದ್ದರಿಂದ ರಾತ್ರಿ ಕಾಲನ್ನು ಪರೀಕ್ಷಿಸಿಕೊಳ್ಳುವುದು ಕ್ಷೇಮ. ಮಳೆಯಂಗಿಯನ್ನು ಯಾವ ತಿಂಗಳಲ್ಲೂ ಮರೆಯಬಾರದು.

ನಾನು ಕೊನೆಯ ದಿನಕ್ಕೆಂದು ಉಳಿಸಿಕೊಂಡದ್ದು ಲಾಖ್ ಕೊಲ್ಯ-ವಾರ್ ಸುತ್ತಿನ ದಾರಿ. ಅರ್ಧ ದಿನಕ್ಕೆ ಧಾರಾಳವಾಗಿ ಮುಗಿಯುವ ವರ್ತುಲ. ಆ ಆಸುಪಾಸಿನ ಕಾಡಿನೊಳಗೆ ಕಿಲ್ಮೋರಿ ಓಬ್ ಎಂಬ, ಜನ ಬಿಟ್ಟುಹೋದ ಊರಿದೆ. ಆರ್ಗೈಲಿನ ತುಂಬ ಇಂಥ ಊರುಗಳಿವೆ. ಗೇಣಿದಾರರಿಗಿಂತ ಕುರಿ ಲಾಭವೆಂದು ಜಮೀನ್ದಾರರು ಎಣಿಸಿದ ಕಾಲದಲ್ಲಿ ಎಷ್ಟೋ ಕುಟುಂಬಗಳು ಗ್ಲಾಸ್ಗೋಗೋ ಕೆನಡಾಕ್ಕೋ ಹೊರಟುಹೋದುವು. ಇಲ್ಲಿ ಉಳಿದಿರುವುದು ಮಾಡಿಲ್ಲದ ಮನೆಗಳ ಗೋಡೆ. ಒಂದರ ಹೊಸ್ತಿಲಿನ ಮೇಲೆ ಹಾವಸೆ ಮೆತ್ತೆಯಂತೆ ಬೆಳೆದಿತ್ತು. ಊರಿನ ಬಾವಿ ಮಾತ್ರ ಇದೆ. ಅದರ ತಲೆಗೆ ನಿಲ್ಲಿಸಿದ ಎದೆಮಟ್ಟದ ಕಲ್ಲಿನಲ್ಲಿ, ಊರಿಗಿಂತಲೂ ಎಷ್ಟೋ ಶತಮಾನ ಹಳೆಯದಾದ ಒಂದು ಶಿಲುಬೆ. ಶಿಲುಬೆಯ ತೋಳಿನ ಮೇಲೆ ಹಕ್ಕಿಗಳ ಆಕೃತಿ, ಮಳೆಗೆ ಸವೆದು, ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ತೋರುವಷ್ಟು. ನಾನು ಹೋದಾಗ ಮಳೆ ನಿಂತು ಆಗಷ್ಟೇ ಬಿಸಿಲು ಬಂದಿತ್ತು. ಬಾವಿಯಲ್ಲಿ ಬಿದ್ದ ಎಲೆಗಳನ್ನು ಯಾರೋ ಬೆಳಗ್ಗೆಯೇ ತೆಗೆದು, ಪಕ್ಕದ ಕಲ್ಲಿನ ಮೇಲೆ ರಾಶಿಯಿಟ್ಟು ಹೋಗಿದ್ದರು.